ನಿಮ್ಮ ಫಲಕದ ಮೇಲಿರುವ ಆರೂವರೆ ಇಂಚು ನನ್ನದಲ್ಲ, ಟವೆಲಿನದು

ಮಾನ್ಯ ಕಾರ್ಮಿಕ ಆರೋಗ್ಯಾಧಿಕಾರಿಗಳೇ,

ನನ್ನ ತಂಗಿ ಸಾಕಷ್ಟು ದಪ್ಪಗಿಲ್ಲವೆಂಬ ಕಾರಣಕ್ಕೆ ನಿಮ್ಮ ಕಚೇರಿ ಅವಳನ್ನು ವ್ಯಾಯಾಮ ಕೊಠಡಿಯ ಬಾಗಿಲಿನಿಂದ ಮೂರು ಸಲ ವಾಪಸು ಕಳಿಸಿದೆ. ಜಗತ್ತಿನಲ್ಲಿ ಹೆಣ್ಣುಮಕ್ಕಳನ್ನು ದಪ್ಪಗಿದ್ದೀರೆಂದು ಹಂಗಿಸುವವರು ಬೇಕಾದಷ್ಟು ಜನ ಇದ್ದಾರೆ. ದಪ್ಪಗಿಲ್ಲವೆಂದು ರಬ್ಬರ್ ಮುದ್ರೆ ಒತ್ತಿ, ಸಹಿ ಹಾಕಿ ಹೇಳಿದ ಹಿರಿಮೆ ನಿಮಗೊಬ್ಬರಿಗೇ ಸಲ್ಲಬೇಕು. ಅಭಿನಂದನೆಗಳು.

ನಾನು ನಿಮ್ಮ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತಂಗಿ ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಿಸುತ್ತಾಳೆ. ಬೆಳಗಿನಿಂದ ಸಂಜೆವರೆಗೆ ಇಬ್ಬರದೂ ಕೂತಲ್ಲೇ ಕೆಲಸ. ಕಾಗದದ ಗೋದಾಮಿನ ಮೇಲೆ ನೀವು ನಾಲ್ಕು ಸೈಕಲ್ಲುಗಳನ್ನೂ ಎರಡು ನಡಿಗೆಯ ಯಂತ್ರಗಳನ್ನೂ ಇಡಿಸಿದಾಗ ಮೊದಲು ಚಪ್ಪಾಳೆ ತಟ್ಟಿದವನು ನಾನೇ. ಕಾರ್ಡ್ ಇದ್ದವರಿಗೆ ದಿನಕ್ಕೆ ಅರ್ಧ ಗಂಟೆ ಕುರ್ಚಿಯಿಂದ ಬಿಡುಗಡೆ ಎಂದಿರಿ. ಸಂತೋಷ. ಆದರೆ ಕಾರ್ಡ್ ಯಾರಿಗೆ? ಗಂಡಸಾದರೆ ಸೊಂಟ ಮೂವತ್ತಾರು ಇಂಚು ದಾಟಿರಬೇಕು, ಹೆಂಗಸಾದರೆ ಮೂವತ್ತೆರಡು. ಅದನ್ನು ಅಳೆಯಲು ಬಾಗಿಲಲ್ಲೇ ಒಬ್ಬರನ್ನು ಕೂರಿಸಿದಿರಿ. ನಾವು ಅವರನ್ನು ಪ್ರೀತಿಯಿಂದ ಟೇಪಣ್ಣ ಎನ್ನುತ್ತೇವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತಿಗೆ ಕೈಯಲ್ಲಿ ಟೇಪು ಹಿಡಿಸಿದರೆ ಅವರ ಹಾಗೇ ಕಾಣುತ್ತದೆ.

ಸಣಕಲು ದೇಹದವನಿಗೆ ಸೈಕಲ್ ಯಾಕೆ ಎಂದು ನೀವು ಕೇಳಬಹುದು. ನಮ್ಮಪ್ಪ ದರ್ಜಿ. ಊರವರ ಸೊಂಟವನ್ನೆಲ್ಲ ಅಳೆದವರು, ಸ್ವತಃ ಕಡ್ಡಿಯಂತಿದ್ದರು. ಕಡ್ಡಿಯಂತಿದ್ದವರಿಗೆ ಸಕ್ಕರೆ ಕಾಯಿಲೆ ಬಂದೀತೆಂದು ಯಾರಿಗೂ ಹೊಳೆಯಲಿಲ್ಲ, ಹೊಲಿಗೆ ಯಂತ್ರ ತುಳಿಯುವ ಕಾಲಿನ ಹೆಬ್ಬೆರಳು ಕಪ್ಪಾಗುವವರೆಗೆ. ಆಮೇಲೆ ಬೆರಳು ಹೋಯಿತು, ಪಾದ ಹೋಯಿತು, ಎರಡೇ ವರ್ಷದಲ್ಲಿ ಅಪ್ಪನೂ ಹೋದರು. ಆ ಹೆದರಿಕೆಯಿಂದಲೇ ನಾವಿಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಂಡೆವು. ಇಬ್ಬರಿಗೂ ಸಕ್ಕರೆ ಸರಿಯಾಗಿತ್ತು. ನಾನು ಎದ್ದು ಹೊರಟೇಬಿಟ್ಟಿದ್ದೆ. ಡಾಕ್ಟರಮ್ಮ ಕೂರಿಸಿದರು.

"ಸಕ್ಕರೆ ಸರಿ ಇದೆ, ಒಪ್ಪಿದೆ. ಆದ್ರೆ ಅದನ್ನ ಸರಿಯಾಗಿಡೋಕೆ ನಿಮ್ಮ ಮೈ ಎಷ್ಟು ಇನ್ಸುಲಿನ್ ಸುರೀತಿದೆ ನೋಡಿ. ಅದು ಒಂದ್ಸಲ ಕರೆದ್ರೆ ಓಗೊಡಬೇಕಾದ ಸ್ನಾಯುಗಳು ನಾಲ್ಕು ಸಲ ಕೂಗಿದ್ಮೇಲೆ ಏಳ್ತಿವೆ. ನಿಮ್ಮ ತಂಗೀದು ನಿಮಗಿಂತ ಜಾಸ್ತಿ ಇದೆ."

"ಹಾಗಾದ್ರೆ ತೂಕ ಇಳಿಸಬೇಕಾ, ಡಾಕ್ಟ್ರೇ?"

"ಇಳಿಸೋಕೆ ನಿಮ್ಮ ಹತ್ರ ಇರೋದಾದ್ರೂ ಏನ್ರೀ? ದಿನಾ ಅರ್ಧ ಗಂಟೆ ಸೈಕಲ್ ತುಳೀರಿ, ಇಲ್ಲಾ ಬಿರುಸಾಗಿ ನಡೀರಿ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಏದುಸಿರು. ತೂಕ ಒಂದು ಗ್ರಾಂ ಇಳೀದೇ ಇದ್ರೂ ಸ್ನಾಯುಗಳು ಸಕ್ಕರೆ ಎಳ್ಕೊಳ್ಳೋದು ಕಲೀತವೆ. ಬಿಟ್ರೆ ಮಾತ್ರ ಒಂದೆರಡು ವಾರದಲ್ಲೇ ಮರೆಯೋಕೆ ಶುರು ಮಾಡ್ತವೆ."

ಎಲ್ಲರ ಮೈಯೂ ಒಂದೇ ರೀತಿ ಸ್ಪಂದಿಸುವುದಿಲ್ಲ, ಮೂರು ತಿಂಗಳು ನೋಡೋಣ ಎಂದೂ ಹೇಳಿ ಚೀಟಿ ಬರೆದುಕೊಟ್ಟರು. ಚೀಟಿಯನ್ನು ಟೇಪಣ್ಣನಿಗೆ ತೋರಿಸಿದೆ. ಅವರು ಚೀಟಿ ನೋಡಲಿಲ್ಲ, ನನ್ನ ಸೊಂಟ ನೋಡಿದರು. ಮೂವತ್ತು ಇಂಚು. "ಫ್ಯಾನ್ ಕೆಳಗೆ ನಿಲ್ಲಬೇಡಿ ಸಾರ್, ಹಾರಿಹೋಗ್ತೀರಿ," ಎಂದರು. ಹೊರಗೆ ನಡೆಯೋಣವೆಂದರೆ ಕೆಲಸ ಬಿಡುವ ಹೊತ್ತಿಗೆ ಕತ್ತಲು, ಗೇಟಿನಾಚೆ ಲಾರಿಗಳ ಸಾಲು. ಅಲ್ಲಿ ಬಿರುಸಾಗಿ ನಡೆದವನ ಇನ್ಸುಲಿನ್ ಚಿಂತೆಯನ್ನು ಲಾರಿಯವರೇ ಒಂದೇ ಸಲಕ್ಕೆ ಬಗೆಹರಿಸುತ್ತಾರೆ.

ಈಗ ನನ್ನ ತಪ್ಪೊಪ್ಪಿಗೆ. ಮರುದಿನ ನನ್ನ ಹೆಂಡತಿ ಸ್ನಾನದ ದಪ್ಪ ಟವೆಲನ್ನು ಉದ್ದಕ್ಕೆ ಮಡಿಸಿ ನನ್ನ ಸೊಂಟಕ್ಕೆ ಸುತ್ತಿದಳು. "ಉಸಿರು ಬಿಡಿ, ಇನ್ನೊಂದು ಸುತ್ತು ಬರತ್ತೆ," ಎಂದು ಎಳೆದು ಕಟ್ಟಿ, ಮೇಲೆ ಅಂಗಿ ಇಳಿಬಿಟ್ಟಳು. ಟೇಪಣ್ಣ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ಬರೆದುಕೊಂಡರು, ಸೊಂಟ ಅಳೆದರು. ಮೂವತ್ತಾರೂವರೆ. "ಈಗ ನೋಡಿ, ಲಕ್ಷಣವಾಗಿದ್ದೀರಿ!" ಎಂದು ಕಾರ್ಡ್ ಕೊಟ್ಟರು. ಒಂದೇ ರಾತ್ರಿಯಲ್ಲಿ ಮನುಷ್ಯನ ಸೊಂಟ ಆರೂವರೆ ಇಂಚು ಏರಿದ್ದು ಯಾಕೆಂದು ನಿಮ್ಮ ಇಲಾಖೆಯಲ್ಲಿ ಯಾರೂ ಕೇಳಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಇದೇ ಇರಬೇಕು.

ಹನ್ನೆರಡು ವಾರ ತುಳಿದೆ. ಮರುಪರೀಕ್ಷೆಯಲ್ಲಿ ಇನ್ಸುಲಿನ್ ಇಳಿದಿತ್ತು. ತೂಕ ಇದ್ದಷ್ಟೇ ಇತ್ತು. ಡಾಕ್ಟರಮ್ಮ ಹೇಳಿದಂತೆಯೇ ಆಗಿತ್ತು. ಖುಷಿಯಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ವರದಿ ಹಿಡಿದುಕೊಂಡು ಟೇಪಣ್ಣನ ಬಳಿಗೆ ಓಡಿದೆ. "ನಮ್ಮ ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ ಸಾರ್," ಎಂದು ಟೇಪು ಬಿಚ್ಚಿದರು. ಅಂದೇ ಟವೆಲು ಒಗೆಯಲು ಹೋಗಿತ್ತು. ಮೂವತ್ತು ಇಂಚು! ತಕ್ಕಡಿಯ ಮೇಲೂ ಮುಕ್ಕಾಲು ಕಿಲೋ ಕಡಿಮೆ, ಅದು ಟವೆಲಿನ ತೂಕ. ವಾರದೊಳಗೆ 'ವರ್ಷದ ಸಾಧಕ: ಆರೂವರೆ ಇಂಚು ಇಳಿಕೆ' ಎಂಬ ಶೀರ್ಷಿಕೆಯಡಿ ನನ್ನ ಫೋಟೊ ಫಲಕ ಏರಿತು. ನೀವೇ ಬಂದು ನನ್ನ ಕೈ ಕುಲುಕಿದಿರಿ, ನೆನಪಿದೆಯೇ? ಗುರಿ ಮುಟ್ಟಿದ್ದಾರೆಂದು ಮಾರನೇ ದಿನವೇ ನನ್ನ ಕಾರ್ಡನ್ನೂ ರದ್ದು ಮಾಡಿದಿರಿ. ನಿಜವಾದ ಲಾಭಕ್ಕೆ ಕಾಲಂ ಇಲ್ಲ, ಟವೆಲಿಗೆ ಸನ್ಮಾನ. ಇಪ್ಪತ್ತು ವರ್ಷದಿಂದ ತಪ್ಪು ಹುಡುಕಿಯೇ ಅನ್ನ ತಿನ್ನುತ್ತಿದ್ದೇನೆ, ಇಷ್ಟು ಸೊಗಸಾದ ತಪ್ಪು ನನ್ನ ಮೇಜಿಗೆ ಬಂದಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಕಳೆದ ವಾರ ತಂಗಿ ಮೂರನೆಯ ಸಲ ಚೀಟಿ ಹಿಡಿದು ಹೋದಾಗ ಟೇಪಣ್ಣ ನನ್ನ ಫೋಟೊದತ್ತ ಬೆರಳು ತೋರಿಸಿದರಂತೆ. "ನಿಮ್ಮಣ್ಣನ್ನ ನೋಡಮ್ಮ. ಮೊದಲು ಅವರಷ್ಟು ದಪ್ಪ ಆಗಿ ಬಾ, ಆಮೇಲೆ ಇಳಿಸೋಣ." ನನ್ನ ಸುಳ್ಳು ನನ್ನ ತಂಗಿಗೇ ಬಾಗಿಲು ಹಾಕಿತ್ತು. ಸಂಜೆ ಟವೆಲು ತಂದು ಅವಳ ಮುಂದಿಟ್ಟೆ. ಅವಳು ಮುಟ್ಟಲೂ ಇಲ್ಲ.

"ಬೇಡ ಅಣ್ಣ. ಅಪ್ಪನ ಕಾಯಿಲೆ ಬಚ್ಚಿಟ್ಕೊಂಡೇ ಬೆಳೀತು. ನಂದನ್ನೂ ಬಟ್ಟೆ ಸುತ್ತಿ ಬಚ್ಚಿಡ್ಲಾ?"

ಟವೆಲನ್ನು ಮಡಿಸಿ ಎತ್ತಿಟ್ಟೆ. ನಾಚಿಕೆಯಾಯಿತು. ಅದಕ್ಕೇ ಈ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಎಲ್ಲರೂ ಓದುವಲ್ಲಿ ಅಚ್ಚು ಹಾಕಿಸಿದ್ದೇನೆ. ಮೇಜಿನ ಮೇಲಿಟ್ಟಿದ್ದರೆ ನೀವು ಇದರ ಸೊಂಟ ಅಳೆದು ವಾಪಸು ಕಳಿಸುತ್ತಿದ್ದಿರಿ.

ನಾನು ಕೇಳುವುದು ಹೆಚ್ಚೇನಿಲ್ಲ. ಬಾಗಿಲಿನ ಟೇಪು ತೆಗೆಸಿ, ಡಾಕ್ಟರರ ಚೀಟಿ ಓದಬಲ್ಲವರನ್ನು ಅಲ್ಲಿ ಕೂರಿಸಿ. ಫಾರಂನಲ್ಲಿ ಇನ್ನೊಂದು ಕಾಲಂ ಎಳೆಯಿರಿ, ಗೆರೆ ಎಳೆಯಲು ಬಾರದಿದ್ದರೆ ನಾನೇ ಬಂದು ಎಳೆದುಕೊಡುತ್ತೇನೆ. ಮೋಸ ಮಾಡಿದ್ದಕ್ಕೆ ನನಗೆ ಶಿಕ್ಷೆ ಕೊಡುವುದಿದ್ದರೆ ಕೊಡಿ, ತಲೆ ಬಾಗಿ ತೆಗೆದುಕೊಳ್ಳುತ್ತೇನೆ. ಆದರೆ ಸೋಮವಾರ ಊಟದ ಬಿಡುವಿಗೆ ಮೊದಲು ನನ್ನ ತಂಗಿ ತನ್ನ ಇಪ್ಪತ್ತಾರು ಇಂಚಿನೊಂದಿಗೇ ಆ ಬಾಗಿಲಿಗೆ ಬರುತ್ತಾಳೆ. ಅವಳನ್ನು ಒಳಗೆ ಬಿಡಿ. ಟವೆಲನ್ನು ಒಗೆದು, ಮಡಿಸಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ನನ್ನ ಫೋಟೊ ಇಳಿಸಿ ಆ ಮೊಳೆಗೆ ಅದನ್ನು ತೂಗುಹಾಕಿ. ವರ್ಷದ ಸಾಧಕ ಅದೇ.

ಇಂತಿ,
ಒಂದು ಇಂಚೂ ಇಳಿಯದೆ ನಿಮ್ಮ ಫಲಕದಲ್ಲಿ ಇನ್ನೂ ಹಲ್ಲುಕಿರಿಯುತ್ತಿರುವ,
ತನ್ನ ತಪ್ಪನ್ನು ತಾನೇ ತಡವಾಗಿ ತಿದ್ದಿಕೊಂಡ ಕರಡು ತಿದ್ದುವವ