ಭೀಮನ ಪಾತ್ರ ಹೋಯಿತು

೧೪ ನವೆಂಬರ್ ೧೯೩೮, ಸೋಮವಾರ. ಹಾನಗಲ್ಲು.

ಛೀ! ಹೊಟ್ಟೆ ಕೊಯ್ಯಿಸಿಕೊಂಡು ನಲವತ್ತು ದಿನವಾದರೂ ಗಾಯ ಕೂಡಿಲ್ಲ. ಕೀವು, ನಾತ, ಉಣ್ಣುವ ಅನ್ನಕ್ಕೂ ಅದೇ ವಾಸನೆ. ಗಟ್ಟಿಯಾಗಿ ಮಾತಾಡಲೇಬಾರದೆಂದು ಡಾಕ್ಟರರ ಅಪ್ಪಣೆ.

ಇವತ್ತು ನಮ್ಮ ನಾಟಕ ಕಂಪನಿಯ ಮಾಲಕ ಫಕ್ಕೀರಪ್ಪ ಬಂದ. "ಮುಂದಿನ ಅಕ್ಕಿಆಲೂರ ಆಟದಾಗ ಭೀಮ ನೀವ ಹೌದಲ್ರಿ?" ಎಂದ. ಸುಮ್ಮನೆ ಹೂಂ ಅನ್ನಬಹುದಿತ್ತು. ಎದ್ದು ನಿಂತು, "ಎಲವೋ ದುಶ್ಶಾಸನಾ!" ಎಂದು ಗರ್ಜಿಸಿದೆ. ಗಾಯ ಬಾಯಿಬಿಟ್ಟಿತು, ಪಟ್ಟಿ ತೊಯ್ದು ಕೀವು ಧೋತರಕ್ಕಿಳಿಯಿತು. ಥೂ, ಇದೂ ಒಂದು ದೇಹವೇ!

ಒರೆಸುತ್ತ ಹೆಂಡತಿ ಅನ್ನವ್ವ ಬೈದಳು: "ದುಶ್ಶಾಸನನ ಹೊಟ್ಟಿ ಸೀಳೋದು ಬಿಟ್ಟು ನಿಮ್ಮದ ಸೀಳಿಕೊಂಡ್ರಲ್ರಿ!"

ಫಕ್ಕೀರಪ್ಪ ಶಲ್ಯದಿಂದ ಮೂಗು ಮುಚ್ಚಿಕೊಂಡು, "ಈ ಸಲ ಧೃತರಾಷ್ಟ್ರ ಮಾಡ್ರಿ. ಕುಂತ ಮಾತಾಡೋದು" ಎಂದ.

"ಆಗಲಿ" ಎಂದೆ. ಅವನಿಗೆ ಕೇಳಿಸಲಿಲ್ಲ, ಎರಡು ಸಲ ಹೇಳಬೇಕಾಯಿತು.