ಸೆರಗಿನೊಳಗಿನ ಮಲ್ಲಿಗೆ

ಅಕ್ಕಾ,

ನೀನಿರುವ ಕಡೆಗೆ ಈ ಕಾಗದ ಹೇಗೆ ಬರುತ್ತದೋ ಗೊತ್ತಿಲ್ಲ. ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು, ಒತ್ತಕ್ಷರ ತಪ್ಪಿದರೆ ಬೈಯಬೇಡ. ನಿನ್ನ ರೂಪಾ ಒಳಗೆ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದಾಳೆ. ಹೌದು ಕಣೆ, ನೀನೀಗ ಅಜ್ಜಿ. ಗಂಡು ಮಗು. ತಾಯಿಯಿಲ್ಲದ ಹುಡುಗಿ ಅಂತ ನಮ್ಮ ಕುಂಬಾರಕೊಪ್ಪಲಿನ ಮನೆಯಲ್ಲೇ ಬಾಣಂತನ ಮಾಡುತ್ತಿದ್ದೇನೆ. ಬರೆಯುತ್ತಾ ಬರೆಯುತ್ತಾ ಎದ್ದು ಹೋಗಿ ಇಬ್ಬರೂ ಉಸಿರಾಡುತ್ತಿದ್ದಾರಾ ಅಂತ ನೋಡಿ ಬರುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ನಿನಗೆ ಕೊಟ್ಟ ಮಾತು ಮುರಿದೆ ಅಕ್ಕ. ಅದನ್ನು ಹೇಳುವುದಕ್ಕೇ ಕೂತದ್ದು.

ಯುಗಾದಿ ಎಣ್ಣೆನೀರಿನ ದಿನ ನೆನಪಿದೆಯಾ? ಬೆನ್ನಿಗೆ ಎಣ್ಣೆ ಹಚ್ಚಲು ಬಚ್ಚಲಿಗೆ ಬಂದ ನನ್ನ ಕೈ ಹಿಡಿದು ನಿನ್ನ ಎದೆಯ ಎಡಗಡೆ ಇಟ್ಟುಕೊಂಡೆ. ಒಳಗೆ ಹಲಸಿನ ಬೀಜದಷ್ಟು ಗಟ್ಟಿ. ನೋವಿಲ್ಲ ಅಂದೆ ನೀನು. ನೋವೇ ಇಲ್ಲದ ಮೇಲೆ ಅದು ಕಾಯಿಲೆ ಹೇಗಾಗುತ್ತೆ ಅಂತ ನಾನೂ ಸುಮ್ಮನಾದೆ. ಅವ್ವನಿಗೆ ಹೇಳಿದರೆ, "ಹಾಲಿನ ಗಂಟು ಕಣ್ರೇ ಅದು. ಮಲ್ಲಿಗೆ ಕಟ್ಟುದ್ರೆ ಕರಗೋಯ್ತದೆ. ಅದುನ್ನೆಲ್ಲಾ ಗಂಡಸು ಡಾಕ್ಟ್ರ ಮುಂದೆ ಬಿಚ್ಚಿ ತೋರ್ಸಕ್ಕಾಯ್ತದಾ?" ಅಂದಳು. ರೂಪಾಗೆ ಆಗ ಹದಿನೇಳು ವರ್ಷ. ಯಾವಾಗಲೋ ಬತ್ತಿದ ಹಾಲು ಎಲ್ಲಿಂದ ಬಂದು ಗಂಟು ಕಟ್ಟಬೇಕು? ನಮ್ಮ ಮೂವರಲ್ಲಿ ಒಬ್ಬಳಾದರೂ ಕೇಳಬಾರದಿತ್ತಾ...

ನಾನು ಮಾರ್ಕೆಟ್ಟಿಗೆಂದು ಕಟ್ಟುತ್ತಿದ್ದ ಹೂವಿನ ಬುಟ್ಟಿಯಿಂದಲೇ ದಿನಾ ಸಂಜೆ ಒಂದು ಬೊಗಸೆ ಮಲ್ಲಿಗೆ ತೆಗೆದು, ಹಳೇ ಪಂಚೆಯ ಬಟ್ಟೆಯಲ್ಲಿಟ್ಟು ನಿನ್ನ ಎದೆಗೆ ಬಿಗಿಯುತ್ತಿದ್ದೆ. ಭಾವ ಹೋದ ಮೇಲೆ ನೀನು ಒಂದು ಮೊಳ ಹೂವನ್ನೂ ಮುಡಿದವಳಲ್ಲ. ಒಂದು ದಿನ ನಲ್ಲಿ ಹತ್ತಿರ ಎದುರುಮನೆಯವಳು, "ಏನ್ ಸರೋಜಮ್ಮಾ, ಮುಡೀಲಿ ಹೂವಿಲ್ಲ, ಘಮ ಮಾತ್ರ ಬೀದಿಗೆಲ್ಲಾ ಹರಡೈತೆ! ಯಾರಿಗೋಸ್ಕರಾನಮ್ಮಾ?" ಅಂತ ಕೊಡ ಇಟ್ಟುಕೊಂಡು ನಕ್ಕಳು. ಅವತ್ತಿನಿಂದ ನೀನು ಹೊಸ್ತಿಲು ದಾಟುವುದನ್ನೇ ಬಿಟ್ಟೆ. ಗಂಟಿಗೆ ಹೆದರಲಿಲ್ಲ ನೀನು, ಘಮಕ್ಕೆ ಹೆದರಿದೆ.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಒಡೆದು ಹುಣ್ಣಾಗಿತ್ತು. ನೋಡಿದರೆ ಅಲ್ಲಿದ್ದದ್ದು ಹೆಣ್ಣು ಡಾಕ್ಟರು. "ಇಷ್ಟು ದಿನ ಏನ್ ಮಾಡ್ತಿದ್ರಮ್ಮಾ?" ಅಂದರು. ವಾಪಸ್ಸು ಬರುವಾಗ ಆಟೋದಲ್ಲಿ ನನ್ನ ಕೈ ಅದುಮಿ, "ಪುಟ್ಟಿ, ಯಾರ್ಗೂ ಹೇಳ್ಬೇಡ ಕಣೆ. ತಾಯಿಗಿದ್ರೆ ಮಗೀಗೂ ಬತ್ತದೆ ಅಂತಾರೆ. ಆಮೇಲೆ ರೂಪಾನ ಯಾರು ಮಾಡ್ಕತಾರೆ?" ಅಂದೆ. ನಾನು ಆಗಲಿ ಅಂದೆ. ಎಲ್ಲರಿಗೂ ಕಾಮಾಲೆ ಅಂತ ಹೇಳಿದೆವು. ಹಾಸ್ಟೆಲಿನಲ್ಲಿದ್ದ ರೂಪಾಗೂ ಅದನ್ನೇ. ನಿನ್ನ ತಿಥಿಗೆ ಬಂದ ನೆಂಟರು ಕಾಮಾಲೆಗೆ ಯಾವ ಸೊಪ್ಪು ಅರೆದು ಕುಡಿಸಬೇಕಿತ್ತು ಅಂತ ನನಗೇ ಪಾಠ ಹೇಳಿದರು. ಅನ್ನ ಬಡಿಸುತ್ತಾ ಹೂಂ ಹೂಂ ಅಂದೆ. ಆಮೇಲೆ ನಾನು ಮಲ್ಲಿಗೆ ಮುಟ್ಟಲಿಲ್ಲ. ಸೇವಂತಿಗೆ ಮಾತ್ರ ಕಟ್ಟುತ್ತೇನೆ.

ಹೋದ ವಾರ ರೂಪಾ ಮಗುವಿಗೆ ಹಾಲು ಕೊಡುತ್ತಿದ್ದವಳು, "ಚಿಕ್ಕಮ್ಮಾ, ಇಲ್ಲಿ ಗಟ್ಟಿಯಾಗಿ ಅದೆ, ಮುಟ್ಟಿ ನೋಡು" ಅಂದಳು. ಎಡಗಡೆಯೇ. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಅಷ್ಟರಲ್ಲಿ ಅವಳ ಅತ್ತೆ ಜಯಮ್ಮನವರು ಮೊಮ್ಮಗನನ್ನು ನೋಡಲು ಸಿದ್ಧಾರ್ಥನಗರದಿಂದ ಬಂದರು. ವಿಷಯ ಕೇಳಿ ನಕ್ಕು, "ಹಾಲು ಕಟ್ಟೈತೆ ಅಷ್ಟೆ. ಇದಕ್ಯಾಕ್ ಇಷ್ಟೊಂದು ಬೆವ್ರುತಿದ್ದೀರಿ? ಮಲ್ಲಿಗೆ ಕಟ್ಟುವ" ಅಂತ, ದೇವರಿಗೆಂದು ತಂದಿದ್ದ ಹೂವನ್ನೇ ದಾರದಿಂದ ಬಿಡಿಸತೊಡಗಿದರು. ಆ ಘಮ ಮೂಗಿಗೆ ಬಡಿಯಿತು ನೋಡು, ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

"ಬ್ಯಾಡಿ ಜಯಮ್ಮೋರೆ! ನಮ್ಮಕ್ಕಂಗೂ ಇದನ್ನೇ ಕಟ್ಟಿದ್ದು. ಅವಳು ಕಾಮಾಲೆಯಾಗಿ ಸತ್ತಿದ್ದಲ್ಲ, ಎದೆ ಕ್ಯಾನ್ಸರಾಗಿ ಸತ್ತಿದ್ದು."

ಜಯಮ್ಮನವರು ಹೂವನ್ನು ಕೆಳಗಿಟ್ಟರು. "ಮದ್ವೆಗೆ ಮುಂಚೆ ಈ ಮಾತು ಎಲ್ಲೋಗಿತ್ತಮ್ಮಾ?" ಅಂದರು. ಕಾಫಿಯನ್ನೂ ಮುಟ್ಟದೆ ಎದ್ದು ಹೋದರು. ರೂಪಾ ನನ್ನ ಮುಖವನ್ನೇ ನೋಡುತ್ತಿದ್ದಳು. "ನಮ್ಮಮ್ಮ ಏನಾಗಿ ಸತ್ತಳು ಅನ್ನೋದು ನಂಗೆ ಹಿಂಗಾ ಗೊತ್ತಾಗೋದು?" ಅಂದಳು. ನೀನಾಗಿದ್ದರೆ ಏನು ಹೇಳುತ್ತಿದ್ದೆ?

ಮಾರನೇ ಬೆಳಿಗ್ಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್ ಮಾಡಿದರು. ಹಾಲೇ ಅಂತೆ ಅಕ್ಕ, ಬರೀ ಹಾಲು. ಬಿಸಿನೀರಿನ ಬಟ್ಟೆ ಇಟ್ಟು ಮಗುವಿಗೆ ಕುಡಿಸುತ್ತಿರಿ, ಸರಿಹೋಗುತ್ತೆ ಅಂದರು. ನನಗೆ ಮಾತ್ರ, ಅಕ್ಕನಿಗಿತ್ತು ಅಂದ ಮೇಲೆ ನೀವೂ ಒಂದು ಸಲ ತೋರಿಸಿಕೊಳ್ಳಿ ಅಂದರು. ನನ್ನ ತಲೆಯಲ್ಲಿ ಅದು ನಿಲ್ಲಲೇ ಇಲ್ಲ. ಬರೀ ಹಾಲಿಗೋಸ್ಕರ ನಿನ್ನ ಗುಟ್ಟು ಬಿಟ್ಟುಕೊಟ್ಟೆನಲ್ಲ, ನಿನ್ನ ಮಗಳ ಸಂಸಾರಕ್ಕೆ ನಾನೇ ಕಲ್ಲು ಹಾಕಿದೆನಾ? ರೂಪಾ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು.

ನಿನ್ನೆ ಮಧ್ಯಾಹ್ನ ಜಯಮ್ಮನವರು ಮತ್ತೆ ಬಂದರು. ಜಗಳಕ್ಕೇ ಬಂದದ್ದು ಅಂದುಕೊಂಡು ಹಾಲು ಒಲೆಗಿಟ್ಟೆ. ಅವರು ಅಡುಗೆಮನೆಗೇ ಬಂದು ಬಾಗಿಲು ಮುಚ್ಚಿದರು. ಸೆರಗು ಸರಿಸಿ, ನನ್ನ ಕೈ ಹಿಡಿದು ಬಲಗಡೆ ಇಟ್ಟುಕೊಂಡರು.

"ವರ್ಷಾಯ್ತು" ಅಂದರು. "ನೋವಿಲ್ಲ."

ನೀನು ಅಂದದ್ದೂ ಅದೇ ಅಲ್ಲವೇನೇ?

"ಮನೇಲಿ ಬೆಳೆದ ಮಗ ಅವ್ನೆ, ಹೊಸಾ ಸೊಸೆ. ಯಾವ್ ಬಾಯಲ್ಲಿ ಹೇಳ್ಲಿ? ನೀವು ಅವತ್ತು ಅಂಗಂದ್ ಮ್ಯಾಲೆ ಕಣ್ಣು ಮುಚ್ಚಿಲ್ಲ ಕಣ್ರೀ." ಆಮೇಲೆ ನನ್ನ ಗದ್ದ ಹಿಡಿದು, "ಯಾರ್ಗೂ ಹೇಳ್ಬೇಡಿ, ನಿಮ್ ದಮ್ಮಯ್ಯ" ಅಂದರು.

ಆ ಮಾತನ್ನು ಒಬ್ಬಳಿಗೆ ಕೊಟ್ಟದ್ದು ಸಾಕು ಅಕ್ಕ. ಇಲ್ಲ, ಕೊಡಲ್ಲ ಅಂದೆ. ಚಿಲಕ ತೆಗೆದು ರೂಪಾಳನ್ನು ಕೂಗಿದೆ. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಬಂದಳು. ಅವಳ ಅತ್ತೆ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ನಾನು ಹೇಳಿದ್ದನ್ನೆಲ್ಲಾ ರೂಪಾ ಕೇಳಿದಳು. ಮಗುವನ್ನು ನನ್ನ ಕೈಗೆ ಕೊಟ್ಟು, ಅತ್ತೆಯ ಸೆರಗನ್ನು ತಾನೇ ಸರಿಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಚಿಕ್ಕಮ್ಮಾ, ಹಾಲು ಉಕ್ತಾ ಅದೆ" ಅಂದಳು. ಇಷ್ಟು ದಿನದಲ್ಲಿ ತಾನಾಗಿ ಆಡಿದ ಮೊದಲ ಮಾತು.

ನಾಳೆ ಎಲ್ಲರೂ ಆಸ್ಪತ್ರೆಗೆ ಹೋಗುತ್ತಿದ್ದೇವೆ. ನನ್ನದನ್ನೂ ತೋರಿಸಿಕೊಳ್ಳುತ್ತೇನೆ, ನಿನ್ನಾಣೆ. ಏನಾಗಿತ್ತು ನಿಮ್ಮಕ್ಕನಿಗೆ ಅಂತ ಯಾರು ಕೇಳಿದರೂ ಇನ್ನು ಕಾಮಾಲೆ ಅನ್ನುವುದಿಲ್ಲ. ಜಯಮ್ಮನವರಿಗೆ ರೂಪಾ, "ನಂದೂ ಹಿಂಗೇ ಅಂತ ಹೆದ್ರಿದ್ವಿ, ಏನೂ ಆಗ್ಲಿಲ್ಲ ಅತ್ತೆ, ನಿಮ್ದೂ ಏನೂ ಇರಲ್ಲ" ಅಂತ ಸಮಾಧಾನ ಹೇಳಿದಳು. ಹೇಳಲಿ ಬಿಡು.

ನಿನ್ನದನ್ನು ಮುಟ್ಟಿದ ಕೈಯೇ ಜಯಮ್ಮನವರದನ್ನೂ ಮುಟ್ಟಿದ್ದು. ಅದು ಹಾಲಲ್ಲ ಅಕ್ಕ.

ನಿನ್ನ,
ಪುಟ್ಟಿ