ಬ್ಯಾಟರಿ ಇರುವ ತನಕ

ಶಿವಬಸವ ನಗರ, ಬೆಳಗಾವಿ
ತಾ. ೧೯-೨-೧೯೮೪

ಪ್ರೀತಿಯ ತಂಗಿ ಶಿವಬಸವ್ವಗೆ ಅಣ್ಣ ಗುರುಪುತ್ರಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ತಡವಾಯಿತೆಂದು ಅಂಚೆ ಇಲಾಖೆಯನ್ನು ಬೈಯಬೇಡ. ಆ ಬಡಪಾಯಿಗಳಿಗೆ ಬೇರೆ ಪಾಪಗಳಿವೆ. ನಾನು ತಡೆದು ಕೂತದ್ದು ನಿನ್ನ ಹೆಸರಿನ ಮೊದಲು ಮುತ್ತೈದೆಯ ‘ಸೌ.’ ಬರೆಯಬೇಕೋ ಬೇಡವೋ ತಿಳಿಯದೆ. ಗಂಡನಿಗೆ ಮಣ್ಣು ಕೊಟ್ಟು ಬಂದಮೇಲೂ ಕೈತುಂಬ ಹಸಿರು ಬಳೆ ಇಟ್ಟುಕೊಂಡವಳಿಗೆ ಕಾಗದ ಬರೆಯುವ ಕ್ರಮ ಯಾವ ಶಾಸ್ತ್ರದಲ್ಲೂ ಇಲ್ಲ.

ಹೋದ ವಾರ ನಿನ್ನ ಮೈದುನ ಮೈಲಾರಲಿಂಗ ಖಾನಾಪುರದ ಬಸ್ಸಿಳಿದು ನೇರ ಇಲ್ಲಿಗೇ ಬಂದ. ಚಹಾ ಆರಿ ನೀರಾಗುವ ತನಕ ನಿನ್ನ ಮೇಲೆ ಫಿರ್ಯಾದಿ.

“ಮಾಸ್ತರ, ವೈನಿ ಬಳಿ ತಗಿಯಾಕ ಒಲ್ಲೆ ಅಂತಾರ್ರೀ. ‘ಅವರ ಎದ್ಯಾಗಿನ ಮಶೀನ ಇನ್ನಾ ನಡದೈತಿ, ನಾ ಹೆಂಗ ಗಂಡ ಸತ್ತಾಕಿ ಆಗತೇನಿ?’ ಅಂತ ನಮಗ ಕೇಳತಾರ. ದಿನಾ ಸಂಜಿಕ ಹೊಲಕ್ಕ ಹೋಗಿ ಅಣ್ಣನ ಸಮಾಧಿಗೆ ಕಿವಿ ಹಚ್ಚಿ ಕುಂದರತಾರ. ಮಂದಿ ನಗತಾರ್ರೀ!”

“ನಗಲಿ ಬಿಡೋ. ಬ್ಯಾಟರಿ ಇಲ್ದ ನಡಿಯೂ ಎದಿ ಅದಾವಂತ ಸೊಕ್ಕ ಅವರಿಗೆ,” ಎಂದೆ.

ಅವನು ನಗಲಿಲ್ಲ. “ಅಮಾಸಿಗೆ ಹಿರ್ಯಾರು ಕೂಡತಾರ. ಮಶೀನ ನಿಂತೈತಿ ಅಂತ ಡಾಕ್ಟರ ಕಡಿಂದ ಒಂದ ಚೀಟಿ ತಂದ ಕೊಡ್ರಿ. ವೈನಿ ಅದಕ್ಕರೆ ಕೇಳ್ಯಾರು. ಇಲ್ಲಂದ್ರ ಹಿಡದ ಬಳಿ ಒಡೀತಾರ್ರೀ.”

ಚೀಟಿಗೆಂದು ಡಾಕ್ಟರ್ ಮಾರ್ತಾಂಡರ ಹತ್ತಿರ ಹೋದೆ. ಭಾವ ಉಳವಪ್ಪನನ್ನು ಎದೆಗೆ ಪೇಸ್‌ಮೇಕರ್ ಹಾಕಿಸಿಕೊಳ್ಳಲು ಮುಂಬಯಿಗೆ ಕಳಿಸಿದವರು ಅವರೇ ಅಲ್ಲವೇ?

“ಮನಷ್ಯಾ ಸತ್ತದ್ದು ಯಂತ್ರಕ್ಕ ಗೊತ್ತಾಗೂದಿಲ್ಲ, ಮಾಸ್ತರ. ಕಾಮಾಲಿ ಬಂದದ್ದು ಉಳವಪ್ಪಗ, ಬ್ಯಾಟರಿಗಲ್ಲ. ಅದು ಇನ್ನಾ ಆರೇಳು ವರ್ಷ ನಡೀತೈತಿ,” ಎಂದವರು ಕಣ್ಣರಳಿಸಿದರು: “ಮುಂದ ನೋಡ್ರಿ! ಮೂವತ್ತ ವರ್ಷ ನಡಿಯೂವು ಬರತಾವ. ಸ್ಕೂಟರಿನ ಪಾರ್ಟ ಬದ್ಲಿಸಿದಂಗ ಎದೀನ ಬದ್ಲಿಸತಾರ!”

ವಿಜ್ಞಾನದ ಈ ವೈಭವ ಕೇಳಿ ನನಗೆ ಮೊದಲು ನೆನಪಾದವನು ನಿಮ್ಮೂರ ಬಳೆಗಾರ. ಮೂವತ್ತು ವರ್ಷ ಅವನ ಅನ್ನಕ್ಕೆ ಚಿಂತೆಯಿಲ್ಲ.

ನಿಂತಿದೆ ಎಂಬ ಚೀಟಿ ಸಿಗಲಿಲ್ಲ. ನಡೆಯುತ್ತಿದೆ ಎಂಬ ಚೀಟಿಯನ್ನೇ ಸಹಿ-ಶಿಕ್ಕೆ ಸಮೇತ ಬರೆಸಿ ತಂದು ಇದರೊಳಗೆ ಇಟ್ಟಿದ್ದೇನೆ. ಹಿರಿಯರ ಮುಂದೆ ಹಿಡಿ. ಅಂಥ ಚೀಟಿ ಕಂಡಮೇಲೆ ನಿನ್ನ ಕೈ ಹಿಡಿಯುವ ಧೈರ್ಯ ಯಾರಿಗೂ ಬರಲಾರದು. ಲಕೋಟೆಯ ಮೇಲೆ ‘ಸೌ.’ ಎಂದೇ ಬರೆದಿದ್ದೇನೆ. ಪೋಸ್ಟಮನ್ ನಕ್ಕರೆ ಅವನೂ ನಗಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಗುರುಪುತ್ರಪ್ಪ

ತಾ.ಕ.: ಆ ಯಂತ್ರಕ್ಕೆ ಸಪ್ಪಳವೇ ಇಲ್ಲವಂತೆ ತಂಗಿ, ಬದುಕಿದ್ದವನ ಎದೆಯಲ್ಲೂ. ಅದನ್ನು ಕೇಳಿದ ಮರುದಿನವೇ ನಿನಗೆ ತಿಳಿಸದೆ ಹೊಲಕ್ಕೆ ಬಂದಿದ್ದೆ. ನೀನು ಕೂತು ಕೂತು ನೆಲ ನುಣುಪಾದಲ್ಲಿ ಕಿವಿ ಹಚ್ಚಿದೆ. ಕೇಳಿಸಿತು. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿದರೂ ಕೇಳಿಸಿತು. ಮಚ್ಛೆ ಊರು ದಾಟಿದರೂ ಬಿಡಲಿಲ್ಲ. ಈಗ ನನ್ನ ತಲೆದಿಂಬಿನಲ್ಲಿದೆ. ನಡುನಡುವೆ ತಡೆದು ನಿಲ್ಲುತ್ತದೆ.

ಅದು ನನ್ನದೇ ಎದೆಬಡಿತ ಎಂದರು ಡಾಕ್ಟರ್. ಬರುವ ತಿಂಗಳು ನಾನೂ ಮುಂಬಯಿಗೆ ಹೋಗಿ ಒಂದನ್ನು ಹಾಕಿಸಿಕೊಳ್ಳಬೇಕು. ನಿನ್ನ ವೈನಿ ಬಾಳವ್ವನಿಗೆ ಇನ್ನೂ ಹೇಳಿಲ್ಲ. ನನ್ನ ಸರದಿ ಬಂದಾಗ, ಮಣ್ಣು ಕೊಡುವ ಮೊದಲು ಆ ಯಂತ್ರವನ್ನು ತೆಗೆಸಿಬಿಡು. ನೀನೇ ತೆಗೆಸಬೇಕು. ದಿನಾ ಸಂಜೆ ಅವಳ ಬಳೆಯ ಸಪ್ಪಳವನ್ನು ನಾನು ಒಳಗೆ ಕೂತು ಕೇಳಲಾರೆ.